ನಜೀಫ್ ಹಾಕಿದ ಗಾಳಿ

ನಜೀಫ್‌ನನ್ನು ನಾನು ಮೊದಲ ಸಲ ಕಂಡಾಗ ಅವನು ನನ್ನ ಕಾರಿನ ಚಕ್ರವನ್ನು ಒದೆಯುತ್ತಿದ್ದ. ವ್ಲಾಶಿಚ್ ಬೆಟ್ಟದ ಮೇಲಿನ ಕೊಶಾರೆ ಹಳ್ಳಿಯ ಶಾಲೆಗೆ ನನಗೆ ಆಗಷ್ಟೇ ವರ್ಗವಾಗಿತ್ತು. ಕೆಳಗಿನ ತ್ರಾವ್ನಿಕ್ ಪಟ್ಟಣದಲ್ಲಿ ಹಳೆಯದೊಂದು ಫಿಚೊ ಕಾರನ್ನು ಕೊಂಡು, ನಾಲ್ಕೂ ಚಕ್ರಗಳಿಗೆ ಭರ್ತಿ ಗಾಳಿ ಹಾಕಿಸಿಕೊಂಡು ಬೆಟ್ಟ ಹತ್ತಿದ್ದೆ. ಗಾಳಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ತಿಳಿದಿದ್ದ ಕಾಲ ಅದು. ತಿರುವುಗಳಲ್ಲಿ ಕಾರಿನ ಹಿಂಭಾಗ ಜಾರಿಜಾರಿ ಆಚೆಗೆ ಹೋಗುತ್ತಿತ್ತು. ಮಣ್ಣಿನ ದಾರಿಗೆ ಬಂದ ಮೇಲಂತೂ ಹಲ್ಲಿಗೆ ಹಲ್ಲು ಬಡಿಯುವಷ್ಟು ಕುಲುಕಾಟ. ಮಸೀದಿಯ ಕಾರಂಜಿಯ ಪಕ್ಕದಲ್ಲಿ ಪಂಕ್ಚರ್ ಅಂಗಡಿಯೊಂದು ಕಂಡಿತೆಂದು ನಿಲ್ಲಿಸಿದೆ. ಒಳಗಿನಿಂದ ದಪ್ಪ ಮೀಸೆಯ ಯುವಕನೊಬ್ಬ ಬಂದು, ನನ್ನ ಮುಖವನ್ನೂ ನೋಡದೆ ಚಕ್ರಕ್ಕೆ ಒಂದು ಒದೆ ಕೊಟ್ಟು, ತನ್ನ ಕಾಲನ್ನೇ ಹಿಡಿದುಕೊಂಡು ಕುಂಟಿದ.

"ಏನ್ ಮೇಷ್ಟ್ರೇ, ಗಾಳಿ ಹಾಕ್ಸಿದೀರೋ ಕಾಂಕ್ರೀಟ್ ಹಾಕ್ಸಿದೀರೋ?"

"ನಾನು ಮೇಷ್ಟ್ರು ಅಂತ ಹೇಗ್ ಗೊತ್ತಾಯ್ತು?"

"ಈ ಬೆಟ್ಟದಲ್ಲಿ ಜೇಬಲ್ಲಿ ಎರಡೆರಡು ಪೆನ್ನು ಸಿಕ್ಕಿಸ್ಕೊಂಡು ಓಡಾಡೋರು ಇನ್ಯಾರಿದ್ದಾರೆ, ಕುರಿಗಳಾ?"

ನನ್ನ ಬೆರಳು ಹಿಡಿದು ಟಯರಿನ ಮೇಲೆ ಆಡಿಸಿ ತೋರಿಸಿದ. ನಡುಭಾಗ ನುಣ್ಣಗೆ ಸವೆದಿತ್ತು. ಎರಡು ಅಂಚುಗಳಲ್ಲಿ ಗೆರೆಗಳು ಇನ್ನೂ ಹೊಸದರಂತೆ ಉಳಿದಿದ್ದವು. "ಹೊಟ್ಟೆ ಬಂದೋನ ಅಂಗಿ ನೋಡಿದೀರಲ್ಲ, ಗುಂಡಿ ಹತ್ರಾನೇ ಮೊದ್ಲು ಪಿಸಿಯೋದು. ಗಾಳಿ ಜಾಸ್ತಿ ಆದ್ರೆ ಟಯರ್‌ಗೂ ಹೊಟ್ಟೆ ಬರುತ್ತೆ. ನೆಲಕ್ಕೆ ನಡು ಮಾತ್ರ ತಾಗುತ್ತೆ, ಹಿಡಿತ ಎಲ್ಲಿಂದ ಬರ್ಬೇಕು? ಗಾಳಿ ಕಮ್ಮಿ ಆದ್ರೆ ಉಲ್ಟಾ, ಅಂಚೆರಡೂ ಸವೆದು ನಡು ಉಳ್ಕೊಳ್ಳುತ್ತೆ." ಹೀಗೆಂದವನು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಟಯರು ತಣ್ಣಗಾದ ಮೇಲೆ ಸುಯ್ಯನೆ ಗಾಳಿ ಇಳಿಸತೊಡಗಿದ. ಮುಂದಿನ ಚಕ್ರಗಳಿಂದ ಹೆಚ್ಚು, ಹಿಂದಿನವುಗಳಿಂದ ಕಡಿಮೆ. ಫಿಚೊ ಕಾರಿಗೆ ಇಂಜಿನ್ ಇರುವುದು ಹಿಂಬದಿಯಲ್ಲಿ. ಭಾರ ಎಲ್ಲಿದೆಯೋ ಅಲ್ಲಿ ಗಾಳಿ ಹೆಚ್ಚಿರಬೇಕು ಎಂಬುದು ಅವನ ಲೆಕ್ಕ.

ಅಂಗಡಿಯಿಂದ ಶಾಲೆಯವರೆಗೆ ಹೋಗುವಷ್ಟರಲ್ಲಿಯೇ, ಬೇರೆ ಯಾರದೋ ಕಾರಿನಲ್ಲಿ ಕುಳಿತಂತೆ ಅನಿಸಿತು.

ಅಂದಿನಿಂದ ನಾವು ಗೆಳೆಯರಾದೆವು. ನಜೀಫ್ ವಿನಯವಂತನೇನಲ್ಲ. ತನ್ನ ಮೀಸೆಯ ಬಗ್ಗೆಯೂ ತನ್ನ ಕೆಲಸದ ಬಗ್ಗೆಯೂ ಜಂಬ ಕೊಚ್ಚಿಕೊಳ್ಳುವುದೆಂದರೆ ಅವನಿಗೆ ಹಬ್ಬದೂಟ. ಬಿಸಿ ಟಯರಿನ ಗಾಳಿಯನ್ನು ಮಾತ್ರ ಅವನು ಎಂದೂ ಅಳೆಯುತ್ತಿರಲಿಲ್ಲ. ಪಟ್ಟಣದಿಂದ ಬೆಟ್ಟ ಹತ್ತಿ ಬಂದ ಗಾಡಿಯ ಟಯರುಗಳು ಕಾದಿರುತ್ತವೆ, ಒಳಗಿನ ಗಾಳಿ ಹಿಗ್ಗಿರುತ್ತದೆ, ಗಾಳಿ ಅಳೆಯುವ ಗೇಜು ತಪ್ಪು ಅಂಕಿ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಇಳಿಸಿದರೆ ಮರುದಿನ ಬೆಳಿಗ್ಗೆ ಚಕ್ರ ಬಾಡಿ ನಿಂತಿರುತ್ತದೆ. ಆದ್ದರಿಂದ ಬಂದವರನ್ನೆಲ್ಲ ಅವನು ಬೆಂಚಿನ ಮೇಲೆ ಕೂರಿಸುತ್ತಿದ್ದ. ಅವನ ಹೆಂಡತಿ ರಾಬಿಯ ತಾಮ್ರದ ಪಾತ್ರೆಯಲ್ಲಿ ಕಾಫಿ ಕಾಯಿಸಿ ತರುತ್ತಿದ್ದಳು. ಟಯರು ತಣ್ಣಗಾಗುವವರೆಗೆ ಕಾಫಿ ಮತ್ತು ಹರಟೆ. ಅವಸರದವರು ಬೈದುಕೊಳ್ಳುತ್ತಿದ್ದರು. ಕುರಿಯ ಚೀಸ್ ಸಾಗಿಸುವ ವ್ಯಾನಿನವನೊಬ್ಬನಂತೂ, "ನಿನ್ ಗಾಳಿಗಿಂತ ರಾಬಿಯಕ್ಕನ ಕಾಫೀನೇ ವಾಸಿ ಕಣೋ, ಅದಕ್ಕೇ ಬರ್ತೀನಿ" ಎಂದು ಹಂಗಿಸುತ್ತಿದ್ದ. "ಬಾರಪ್ಪ, ಮೊದ್ಲು ಕುಡಿ. ನೀನೂ ತಣ್ಣಗಾಗು" ಎನ್ನುತ್ತಿದ್ದ ನಜೀಫ್.

ಈಗ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ನಮ್ಮ ಮದುವೆಯಾದ ಮೇಲೆ ನನ್ನ ಹೆಂಡತಿ ವಾಹಿದ ಎರಡು ಸಲ ಬಸುರಿಯಾಗಿ, ಎರಡು ಸಲವೂ ಮಗುವನ್ನು ಕಳೆದುಕೊಂಡಿದ್ದಳು. ಮೂರನೆಯ ಸಲ ಎಂಟನೆಯ ತಿಂಗಳವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಆಗ ವೈದ್ಯರು ಪರೀಕ್ಷಿಸಿ, ಮಾಸು ಗರ್ಭಕೋಶದ ಬಾಯಿಯ ಹತ್ತಿರ ಕುಳಿತಿದೆ, ನೋವು ಬರುವವರೆಗೆ ಕಾಯುವಂತಿಲ್ಲ, ಈಗಲೇ ತ್ರಾವ್ನಿಕ್‌ಗೆ ಹೋಗಿ ಆಸ್ಪತ್ರೆಯ ಸಮೀಪ ಉಳಿಯಬೇಕು ಎಂದರು. ದಾರಿಯಲ್ಲಿ ಕುಲುಕಾಟವಾದರೆ ರಕ್ತ ಹೋಗಲು ಶುರುವಾದೀತು, ತಾಯಿ ಮಗು ಇಬ್ಬರಿಗೂ ಅಪಾಯ ಎಂದೂ ಹೇಳಿದರು. ಹಳ್ಳಿಯ ಚಿಕಿತ್ಸಾಲಯಕ್ಕೆ ಒಂದು ಜೀಪು ಇತ್ತು. "ಅದರಲ್ಲಿ ಬೇಡ, ಅದು ಇನ್ನೂ ಹೆಚ್ಚು ಕುಲುಕುತ್ತೆ, ನಿಮ್ಮ ಕಾರೇ ಎಷ್ಟೋ ವಾಸಿ" ಎಂದು ಆ ಒಳ್ಳೆಯ ಮನುಷ್ಯ ತಾವಾಗಿಯೇ ಹೇಳಿದರು.

ನಾನು ನೇರವಾಗಿ ನಜೀಫ್‌ನ ಅಂಗಡಿಗೆ ಹೋದೆ. ಎಲ್ಲವನ್ನೂ ಕೇಳಿಸಿಕೊಂಡ ಅವನು ಅಂದು ಒಂದು ತಮಾಷೆಯನ್ನೂ ಮಾಡಲಿಲ್ಲ.

"ಎರಡು ತರದ ದಾರಿ ದಾಟ್ಬೇಕು ಮೇಷ್ಟ್ರೇ. ಮೇಲಿರೋದು ಮಣ್ಣಿನ ದಾರಿ, ಬರೀ ಹಳ್ಳ, ಬರೀ ಕಲ್ಲು. ಅಲ್ಲಿ ಚಕ್ರ ಮೆತ್ತಗಿರ್ಬೇಕು, ಕಲ್ಲನ್ನ ಅದೇ ನುಂಗ್ಕೊಳ್ಳುತ್ತೆ. ಆಮೇಲೆ ಡಾಂಬರು, ಇಳಿಜಾರು, ಹಾವಿನ ತರ ತಿರುವು. ಅಲ್ಲಿ ಮೆತ್ತಗಿದ್ರೆ ಕಾರು ಓಲಾಡುತ್ತೆ, ಟಯರ್ ಮಡಚ್ಕೊಂಡು ಕಾಯುತ್ತೆ, ರಿಮ್ಮಿಂದ ಕಿತ್ಕೊಂಡ್ರೂ ಕಿತ್ಕೊಳ್ತು. ಗಟ್ಟಿ ಬೇಕು ಅಲ್ಲಿ."

"ಹಾಗಾದ್ರೆ ಎರಡರ ಮಧ್ಯೆ ಎಷ್ಟೋ ಒಂದು ಇಡೋಣ?"

"ಮಧ್ಯೆ ಇಟ್ರೆ ಎರಡು ಕಡೇನೂ ಕೆಡುತ್ತೆ. ಮೇಲೆ ಮೆತ್ತಗೆ ಹೋಗೋಣ. ಡಾಂಬರು ಶುರುವಾಗೋ ಕಡೆ ನಿಲ್ಸಿ ಗಾಳಿ ತುಂಬೋಣ. ನಾನು ಪಂಪು ತಗೊಂಡು ಹಿಂದೆ ಬೈಕಲ್ಲಿ ಬರ್ತೀನಿ. ನೀವು ಆಮೆ ತರ ಓಡ್ಸಿ, ಅಷ್ಟೇ."

ಸಂಜೆ ಅವನೇ ಮನೆಗೆ ಬಂದು, ನನ್ನನ್ನೂ ವಾಹಿದಳನ್ನೂ ಕಾರಿನಲ್ಲಿ ಕೂರಿಸಿ, ಚಕ್ರಗಳು ನೆಲಕ್ಕೆ ತಾಗುವ ಕಡೆ ಎಷ್ಟು ಉಬ್ಬುತ್ತವೆಂದು ಮಂಡಿಯೂರಿ ನೋಡಿನೋಡಿ ಗಾಳಿ ಇಳಿಸಿ ಹೋದ.

ಅವನು ಎಲ್ಲವನ್ನೂ ಲೆಕ್ಕ ಹಾಕಿದ್ದ. ನನ್ನ ಅತ್ತೆ ಝುಮ್ರ ಅವರನ್ನು ಮಾತ್ರ ಬಿಟ್ಟಿದ್ದ. ವಾಹಿದ ಪಟ್ಟಣದಲ್ಲಿ ಉಳಿಯಬೇಕಾಗಿದ್ದದ್ದು ನಮ್ಮ ನೆಂಟರೊಬ್ಬರ ಮನೆಯಲ್ಲಿ. ನಮ್ಮ ಕಡೆ ಯಾರ ಮನೆಗೂ ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲ. ಅದರಲ್ಲೂ ವಾರಗಟ್ಟಲೆ ಇರಲು ಹೋಗುವ ಮಗಳನ್ನು ತಾಯಿಯಾದವಳು ಬರಿಗೈಯಲ್ಲಿ ಕಳುಹಿಸುವುದುಂಟೆ? ಬೆಳಿಗ್ಗೆ ನಾನು ಮುಖ ತೊಳೆದು ಹೊರಬರುವಷ್ಟರಲ್ಲಿ ಫಿಚೊದ ಮುಂಭಾಗದ ಡಿಕ್ಕಿಯಲ್ಲಿ ಒಂದು ಮೂಟೆ ಆಲೂಗಡ್ಡೆ ಕುಳಿತಿತ್ತು. ಅದರ ಮೇಲೆ ಒಂದು ಕೊಡ ಚೀಸ್. ಹಿಂದಿನ ಸೀಟಿನಲ್ಲಿ ಉಣ್ಣೆಯ ರಜಾಯಿ, ಒಣಗಿಸಿದ ಮಾಂಸದ ಗಂಟು, ಇವುಗಳ ನಡುವೆ ಸ್ವತಃ ಅತ್ತೆ. ಅವರ ತೊಡೆಯ ಮೇಲೆ ಒಲೆಯಿಂದ ಆಗಷ್ಟೇ ತೆಗೆದ ಪೀತಾದ ದೊಡ್ಡ ತಟ್ಟೆ. ಹಾಳೆಯಷ್ಟು ತೆಳುವಾದ ಹಿಟ್ಟಿನೊಳಗೆ ಚೀಸ್ ಸುತ್ತಿ ಬೇಯಿಸಿದ್ದು.

ಬೈಕಿನಲ್ಲಿ ಬಂದಿಳಿದ ನಜೀಫ್ ಕಾರನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. ಮುಂದಿನ ಚಕ್ರಗಳು ಹಿಟ್ಟಿನ ಮುದ್ದೆಯ ಹಾಗೆ ನೆಲಕ್ಕೆ ಚಪ್ಪಟೆಯಾಗಿದ್ದವು.

"ಅಜ್ಜೀ, ಕೆಳಗಿಳಿ. ಇಷ್ಟು ಭಾರಕ್ಕೆ ಇಷ್ಟು ಗಾಳಿ ಸಾಲಲ್ಲ. ಮೊದಲ ಕಲ್ಲಿಗೇ ಟ್ಯೂಬ್ ಕಚ್ಕೊಂಡು ಒಡೆಯುತ್ತೆ."

"ಹಾಗಾದ್ರೆ ಇನ್ನಷ್ಟು ಗಾಳಿ ಹಾಕು. ನಿನ್ ಹತ್ರ ಗಾಳಿಗೂ ಬರಗಾಲವಾ?"

"ಹಾಕಿದ್ರೆ ಗಟ್ಟಿಯಾಗುತ್ತೆ. ಗಟ್ಟಿಯಾದ್ರೆ ನಿನ್ನ ಮಗಳು ಕುಲುಕ್ತಾಳೆ."

"ನಾನೇನು ನೆಂಟರ ಮನೆಗೆ ಕೈ ಬೀಸ್ಕೊಂಡು ಹೋಗ್ಲಾ? ನಾಳೆ ಊರೆಲ್ಲ ಏನನ್ನುತ್ತೆ? ಇನ್ನೊಂದು ಮಾತು, ಅಜ್ಜಿ ಗಿಜ್ಜಿ ಅಂದ್ರೆ ಕೋಲು ತಗೋತೀನಿ. ನಾನಿನ್ನೂ ಅಜ್ಜಿ ಆಗಿಲ್ಲ ಕಣೋ!"

"ಆಗ್ಬೇಕು ಅಂತಿದ್ರೆ ಆಲೂಗಡ್ಡೆ ಇಳಿಸು."

ಅತ್ತೆ ಪೀತಾದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದರು. ಮೂಟೆಯನ್ನು ತಾವೇ ಎಳೆಯಲು ಹೋದರು. ನಜೀಫ್ ಓಡಿಹೋಗಿ ಅದನ್ನು ಹಿಡಿದುಕೊಂಡ. ಅವನ ಬೈಕಿಗೆ ಪಕ್ಕದಲ್ಲಿ ತೊಟ್ಟಿಯಂಥ ಆಸನವೊಂದನ್ನು ಜೋಡಿಸಿದ್ದರು; ಹಳೆಯ ಟಯರುಗಳನ್ನು ಹೊತ್ತು ತರುವುದಕ್ಕಾಗಿ. ಅದನ್ನು ಒರೆಸಿ, ರಜಾಯಿಯನ್ನು ಮಡಿಸಿ ಹಾಸಿ, "ದಯಮಾಡಿಸಿ ಅತ್ತೆಮ್ಮ, ಮಹಾರಾಣಿಗೆ ಇದು. ಕುಲುಕಿದ್ರೆ ಬೈಬೇಡಿ, ನೀವೇನು ಬಸುರಿಯಲ್ಲ" ಎಂದ. ಚೀಸು, ಮಾಂಸ, ಪಂಪು ಎಲ್ಲವೂ ಅವರ ಕಾಲ ಬಳಿ ಸೇರಿದವು. ಆಲೂಗಡ್ಡೆ ಮಾತ್ರ ಅಂಗಳದಲ್ಲಿಯೇ ಉಳಿಯಿತು. ವಾರದ ಬಸ್ಸಿನಲ್ಲಿ ಕಳುಹಿಸುವುದೆಂದು ಒಪ್ಪಂದವಾಯಿತು.

ಹೀಗೆ ಹೊರಟೆವು. ನಾನು ಎರಡು ಕೈಗಳಿಂದಲೂ ಸ್ಟಿಯರಿಂಗ್ ಹಿಡಿದು, ನಡೆದು ಹೋಗುವವರೂ ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನವಾಗಿ ಓಡಿಸಿದೆ. ಕಲ್ಲು ಎದುರಾದಾಗಲೆಲ್ಲ ವೇಗವನ್ನು ಇನ್ನಷ್ಟು ತಗ್ಗಿಸುತ್ತಿದ್ದೆ. ಚಕ್ರ ಅದರ ಮೇಲೆ ಹತ್ತಿ, ಒತ್ತಿಕೊಂಡು, ಮೆಲ್ಲನೆ ಇಳಿಯುತ್ತಿತ್ತು. ವಾಹಿದ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದ್ದಳು. "ನೋವಿದೆಯಾ?" ಎಂದು ನಾನು ಕೇಳುತ್ತಲೇ ಇದ್ದೆ. ಕೊನೆಗೆ ಅವಳು, "ನೀವು ಕೇಳೋದು ನಿಲ್ಸಿದ್ರೆ ನಿದ್ದೆ ಬರುತ್ತೆ" ಎಂದಳು. ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಡಾಂಬರು ಆರಂಭವಾಗುವಲ್ಲಿ ಪೈನ್ ಮರಗಳ ಕೆಳಗೆ ನಿಲ್ಲಿಸಿದೆ. ನಜೀಫ್ ಕೋಟು ಕಳಚಿ ಪಂಪು ಒತ್ತತೊಡಗಿದ. ಧೂಳು ತುಂಬಿದ ಮುಖದ ಅತ್ತೆ ತೊಟ್ಟಿಯಿಂದಲೇ, "ಆ ಚಕ್ರಕ್ಕೆ ಕಮ್ಮಿ ಆಯ್ತು, ನೋಡು! ಈ ಕಡೆಯದಕ್ಕೂ!" ಎಂದು ಮೇಲ್ವಿಚಾರಣೆ ಮಾಡುತ್ತಿದ್ದರು. ಅವನು ಏದುಸಿರು ಬಿಡುತ್ತಲೇ, "ಅಂಗಡಿ ನಿಮಗೇ ಬರೆದುಕೊಡ್ತೀನಿ ಅತ್ತೆಮ್ಮ, ನಾನು ಕಾಫಿ ಕಾಯಿಸ್ಕೊಂಡು ಇರ್ತೀನಿ" ಎಂದ. ನಾಲ್ಕನೆಯ ಚಕ್ರ ಮುಗಿದಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎಲ್ಲರೂ ಪೀತಾ ತಿಂದೆವು. ಆಮೇಲೆ ಇಳಿಜಾರು. ಅಷ್ಟು ಹೊತ್ತು ಮೆತ್ತಗೆ ತೇಲುತ್ತಿದ್ದ ಕಾರು ಈಗ ತಿರುವು ತಿರುವಿನಲ್ಲೂ ನೆಲವನ್ನು ಹಿಡಿದು, ನಾನು ತಿರುಗಿಸಿದ ಕಡೆಗೆ ತಿರುಗುತ್ತಿತ್ತು. ಒಂದು ತೊಟ್ಟು ರಕ್ತವೂ ಹೋಗದೆ ನಾವು ಪಟ್ಟಣ ತಲುಪಿದೆವು.

ಕೆಲವು ವಾರಗಳ ಬಳಿಕ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ಹೊರತೆಗೆದರು. ಹೆಣ್ಣು ಮಗು. ಸೆನಾದ ಎಂದು ಹೆಸರಿಟ್ಟೆವು. ನಮ್ಮ ಕಡೆಯ ರೂಢಿಯಂತೆ ಕಾಫಿಪುಡಿಯ ಪೊಟ್ಟಣವನ್ನೂ ಸಕ್ಕರೆಯನ್ನೂ ಹಿಡಿದುಕೊಂಡು ನಾನು ನಜೀಫ್‌ನ ಮನೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳನ್ನೆಲ್ಲ ಬಾಗಿಲಲ್ಲಿಯೇ ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನು ನನ್ನ ಹೆಗಲು ತಟ್ಟಿ, "ಕೂತ್ಕೊಳ್ಳಿ ಮೇಷ್ಟ್ರೇ, ನಿಮಗೆ ಸ್ವಲ್ಪ ಗಾಳಿ ಜಾಸ್ತಿ ಆಗಿದೆ" ಎಂದ. ಒಳಗಿದ್ದ ರಾಬಿಯ ನಗುತ್ತಾ ಕಣ್ಣೊರೆಸಿಕೊಂಡಳು.

ಆಮೇಲೆ ನಮ್ಮ ನಾಡಿಗೆ ಬಂದೆರಗಿದ ಯುದ್ಧದ ವರ್ಷಗಳ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಪೆಟ್ರೋಲು ಸಿಗದೆ ಕಾರುಗಳೆಲ್ಲ ಮೂಲೆಗೆ ನಿಂತಾಗ ನಜೀಫ್ ಅವುಗಳ ಚಕ್ರಗಳನ್ನು ಬಿಚ್ಚಿ ಕುದುರೆಗಾಡಿಗಳಿಗೆ ಜೋಡಿಸಿಕೊಟ್ಟ. ಗಾಯಾಳುಗಳನ್ನು ಸಾಗಿಸುವ ಗಾಡಿಗೆ ಮೆತ್ತಗೆ, ಸೌದೆ ಹೇರುವ ಗಾಡಿಗೆ ಗಟ್ಟಿಯಾಗಿ ಗಾಳಿ ಹಾಕುತ್ತಿದ್ದ. ಅಂಗಡಿ ಸುಟ್ಟುಹೋಯಿತು. ಶಾಂತಿ ಬಂದ ಮೇಲೆ ತ್ರಾವ್ನಿಕ್‌ನಲ್ಲಿ ಮತ್ತೆ ಕಟ್ಟಿದ. ನಾವೂ ಅಷ್ಟರಲ್ಲಿ ಕೆಳಗೆ ಬಂದಿದ್ದೆವು. ಮೊಮ್ಮಗಳನ್ನು ಎತ್ತಿ ಆಡಿಸಿ, ಶಾಲೆಗೆ ಕಳುಹಿಸಿ, ಅವಳೊಂದಿಗೆ ಜಗಳವನ್ನೂ ಆಡಿ, ನನ್ನ ಅತ್ತೆ ತುಂಬು ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ನಜೀಫ್ ಬಂದಾಗಲೆಲ್ಲ ಅವನಿಗೆ ಮೊದಲ ತುಂಡು ಪೀತಾ ಕೊಡುತ್ತಿದ್ದರು. ಮೊದಲ ಬೈಗುಳವೂ ಅವನಿಗೇ.

ಸೆನಾದ ಈಗ ಇದೇ ಪಟ್ಟಣದಲ್ಲಿ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಎಳೆತನದಿಂದಲೂ ನಜೀಫ್‌ನ ಅಂಗಡಿಯಲ್ಲಿಯೇ ಬೆಳೆದವಳು ಅವಳು. ಹೊಸದಾಗಿ ಕಲಿಯಲು ಬಂದವರನ್ನು ರಸ್ತೆಗೆ ಇಳಿಸುವ ಮೊದಲು ಬೆಳ್ಳಂಬೆಳಿಗ್ಗೆ ಅವನ ಅಂಗಳಕ್ಕೆ ಕರೆದೊಯ್ಯುತ್ತಾಳೆ. ನಜೀಫ್‌ನ ಬೆನ್ನು ಈಗ ಬಗ್ಗಿದೆ, ಮೀಸೆ ಪೂರ್ತಿ ಬೆಳ್ಳಗಾಗಿದೆ. ಭಾರ ಎತ್ತುವ ಕೆಲಸವನ್ನೆಲ್ಲ ಬಿಟ್ಟಿದ್ದಾನೆ. ಕುರ್ಚಿಯಲ್ಲಿ ಕುಳಿತು, ಒಬ್ಬೊಬ್ಬರ ಕೈಗೂ ಗೇಜು ಕೊಟ್ಟು, ಹಿಂದೆ ಎಷ್ಟು ಜನ ಕೂರುತ್ತಾರೆ, ಏನೇನು ಹೇರುತ್ತೀರಿ ಎಂದು ವಿಚಾರಿಸಿ, ಅಷ್ಟಕ್ಕೆ ತಕ್ಕ ಗಾಳಿಯನ್ನು ಅವರಿಂದಲೇ ಹಾಕಿಸುತ್ತಾನೆ. ನಿನ್ನೆ ನಾನು ಆ ಕಡೆ ಹೋದಾಗ ಒಬ್ಬ ಹುಡುಗಿ ಗೇಜನ್ನು ತಲೆಕೆಳಗಾಗಿ ಹಿಡಿದಿದ್ದಳು. ಅವನು ಅವಳನ್ನು ಬಾಯಿತುಂಬ ಬೈಯುತ್ತಿದ್ದ. ಸೆನಾದ ಪಕ್ಕದಲ್ಲಿ ನಿಂತು ನಗುತ್ತಿದ್ದಳು.