ನೊರೆ ಬಲ್ಲ ಕೈ

ಅವರ ಎಡ ಅಂಗೈಯ ನಡುವೆ, ಎಂಟಾಣೆ ನಾಣ್ಯದಷ್ಟು ಅಗಲಕ್ಕೆ ಗೆರೆಗಳೇ ಇರಲಿಲ್ಲ. ಚರ್ಮ ಅಲ್ಲಿ ಬೆಳ್ಳಗೆ, ನುಣ್ಣಗೆ, ಬೆಣಚುಕಲ್ಲಿನ ಹಾಗಿತ್ತು. ಯಾರಿಗೇ ಕ್ಷೌರ ಮಾಡುವಾಗಲೂ ಬಟ್ಟಲಿನ ಬದಲು ಅಂಗೈಯಲ್ಲೇ ಸೋಪು ಹಾಕಿಕೊಂಡು ಬ್ರಷ್ಷಿನಿಂದ ನೊರೆ ಎಬ್ಬಿಸುವುದು ಅವರ ರೂಢಿ. ಐವತ್ತು ವರ್ಷ ಹಾಗೆ ಮಾಡಿ ಮಾಡಿ ಗೆರೆಗಳು ಅಳಿಸಿಹೋಗಿದ್ದವು. "ನನ್ ಭವಿಷ್ಯಾನೆಲ್ಲ ಸೋಪು ತಿಂದ್ಬಿಡ್ತು ಕಣ್ರೀ" ಎಂದು ತಾವೇ ಹೇಳಿ ನಗುತ್ತಿದ್ದರು.

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದೊಂದು ಕಟಿಂಗ್ ಶಾಪು. ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಮ್ಮ ಮನೆಗೆ ಬಂದು ಅಪ್ಪನಿಗೆ ಕ್ಷೌರ ಮಾಡಿ ಹೋಗುತ್ತಿದ್ದರು. ನಾನು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಶುರುವಾದದ್ದು, ಅಜ್ಜಂಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದ ಮೇಲೂ ತಪ್ಪಲಿಲ್ಲ.

ಪ್ರಶ್ನೆ ಕೇಳುವುದು ಅವರ ಚಟ. ಕಡೂರಿನ ಬೋರ್ ನೀರಿಗೆ ಸೋಪು ನೊರೆ ಬಿಡುವುದಿಲ್ಲ, ಲಕ್ಕವಳ್ಳಿಯ ನಾಲೆ ನೀರಿಗೆ ಮುಟ್ಟಿಸಿದರೆ ಸಾಕು ಉಕ್ಕುತ್ತದೆ. "ಅದ್ಯಾಕಿರಬೌದು ಅಕ್ಕಾವ್ರೆ?" ಕೆಲವರಿಗೆ ಮೊದಲು ಮೀಸೆ ಬೆಳ್ಳಗಾಗುತ್ತದೆ, ಕೆಲವರಿಗೆ ತಲೆ. "ಅದ್ಯಾಕಿರಬೌದು?" ಗಡಸು ನೀರಿನ ಪಾಠವನ್ನು ವಿವರಿಸಿದಾಗ ಪೂರ್ತಿ ಕೇಳಿಸಿಕೊಂಡು ಹೋದರು. ಮುಂದಿನ ವಾರ ಎರಡು ಊರಿನ ನೀರನ್ನು ಎರಡು ಬಾಟಲಿಯಲ್ಲಿ ತಂದು, ನನ್ನೆದುರೇ ಎರಡರಲ್ಲೂ ನೊರೆ ಎಬ್ಬಿಸಿ ನೋಡಿ, "ನಿಮ್ ಪುಸ್ತಕ ನಿಜಾನೇ ಹೇಳ್ತದೆ" ಎಂದು ಒಪ್ಪಿಕೊಂಡರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅವರು ನಮ್ಮ ಜಗಲಿ ದಾಟಿ ಒಳಗೆ ಬಂದವರಲ್ಲ. ಅವರಿಗೆ ಕಾಫಿ ಕೊಡುವ ಲೋಟ ಜಗಲಿಯ ಗೋಡೆಗೂಡಿನಲ್ಲೇ ಇರುತ್ತಿತ್ತು. ಕುಡಿದು, ತೊಳೆದು, ಬೋರಲು ಹಾಕಿ ಹೋಗುತ್ತಿದ್ದರು. ಅಮ್ಮ ಮಾಡಿದ್ದ ವ್ಯವಸ್ಥೆ. ಅಮ್ಮ ಹೋದ ಮೇಲೆ ನಾನೂ ಅದನ್ನೇ ನಡೆಸಿಕೊಂಡು ಬಂದೆ. ಎಲ್ಲದಕ್ಕೂ ಯಾಕೆ ಎನ್ನುವ ಆ ಮನುಷ್ಯ ಆ ಲೋಟದ ಬಗ್ಗೆ ಮಾತ್ರ ಒಂದು ದಿನವೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಅಪ್ಪ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ, ವಾಕರ್ ಹಿಡಿದು ನಡೆಯುವಂತಾದರೂ ಮಾತು ಮಾತ್ರ ನಿಂತುಹೋಯಿತು. ತಟ್ಟೆಯಲ್ಲಿ ಅರ್ಧ ಬಿಡುವುದು, ಕೇಳಿದ್ದಕ್ಕೆಲ್ಲ ಹ್ಞೂಂ ಎನ್ನುವುದು. ನಾಲ್ಕು ತಿಂಗಳು ಆ ಹ್ಞೂಂ ಕೇಳಿ ನಾನು ಹೆದರಿಹೋಗಿದ್ದೆ. ಅಷ್ಟರಲ್ಲಿ, ತರಬೇತಿಗೆಂದು ಜಪಾನಿಗೆ ಹೋಗಿ ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪುಟ್ಟ ಡಬ್ಬಿಯಲ್ಲಿ ಮಚ್ಚಾ ಟೀ ಪುಡಿ ತಂದುಕೊಟ್ಟಳು. ಗೋರಂಟಿ ಪುಡಿಗಿಂತ ಹಸಿರು, ಮುಖಕ್ಕೆ ಹಾಕುವ ಪೌಡರಿಗಿಂತ ನಯ. "ಸೋಸಿ ಬಿಸಾಡೋದಿಲ್ಲ ಮೇಡಂ, ಎಲೇನೇ ಕುಡಿಯೋದು. ಮೇಲೆ ನೊರೆ ಬರ್ಬೇಕು" ಎಂದಿದ್ದಳು. ಹೊಸದೇನಾದರೂ ಕೊಟ್ಟರೆ ಅಪ್ಪ ಬಾಯಿಬಿಟ್ಟಾರೆಂದು ಆ ಭಾನುವಾರ ಲೋಟಕ್ಕೆ ಪುಡಿ ಹಾಕಿ, ಕುದಿಯುವ ನೀರು ಸುರಿದು, ಚಮಚದಿಂದ ತಿರುವಿ ಜಗಲಿಗೆ ತಂದೆ. ಅಪ್ಪ ಒಂದು ಗುಟುಕು ಕುಡಿದು ಪಕ್ಕಕ್ಕಿಟ್ಟರು.

ಕತ್ತಿ ಒರೆಸುತ್ತಿದ್ದ ಅವರು ಬಗ್ಗಿ ಲೋಟ ನೋಡಿದರು. "ಗಂಟು ಕಟ್ಟೈತಲ್ಲ ಅಕ್ಕಾವ್ರೆ. ಒಂದೇ ಸಲ ನೀರು ಹುಯ್ದ್ರಾ?"

"ಹೌದು."

"ಅದಕ್ಕೇ. ಮೊದ್ಲು ನೀರು ತೋರಿಸ್ಬೇಕು ಅಷ್ಟೆ. ಪುಡಿ ಒಪ್ಕಂಡ್ಮೇಲೆ ಮಿಕ್ಕಿದ್ದು."

ಜಪಾನಿನವರು ಬಿದಿರಿನ ಕುಂಚದಿಂದ ಕಡೆಯುತ್ತಾರೆಂದು ಫೋನಿನಲ್ಲಿ ಚಿತ್ರ ತೋರಿಸಿದೆ. ಬೆರಳಿಂದ ದೊಡ್ಡದು ಮಾಡಿ ಮಾಡಿ ನೋಡಿದರು. ಮುಂದಿನ ಭಾನುವಾರ ಅವರ ಚೀಲದಿಂದ ಗೇಣುದ್ದದ ಒಂದು ಬಿದಿರು ಹೊರಬಂತು. ಅರ್ಧ ಹಿಡಿ, ಇನ್ನರ್ಧವನ್ನು ಹಳೆಯ ಕತ್ತಿಯಿಂದ ಎಳೆಎಳೆಯಾಗಿ ಸೀಳಿ, ತುದಿ ಒಳಕ್ಕೆ ಬಗ್ಗಿಸಿದ್ದರು. "ಮೂರು ಮುರಿದ್ವು. ಇದು ನಾಕನೇದು. ಹೊಸಾ ಶೇವಿಂಗ್ ಬ್ರಷ್ಷು ಅಂಗಡೀಲೈತೆ, ಆದ್ರೆ ಬಾಯಿಗೆ ಹೋಗೋದಕ್ಕೆ ಅದು ಬ್ಯಾಡ" ಎಂದರು.

"ನೀರು ಕಾಯಿಸ್ತೀನಿ" ಎಂದು ಎದ್ದೆ.

"ಎಷ್ಟು ಬಿಸಿ ಅಂತ ನಾನೇ ನೋಡ್ಬೇಕು" ಎನ್ನುತ್ತಾ ಅವರೂ ಎದ್ದು ಹಿಂದೆ ಬಂದರು. ಹೊಸಿಲ ಹತ್ತಿರ ಬಂದ ಮೇಲೆ ನೆನಪಾಗಿ ನಿಂತುಬಿಟ್ಟರು. ನಾನೂ ನಿಂತೆ. ಬನ್ನಿ ಎಂಬ ಎರಡಕ್ಷರ ನನ್ನ ಬಾಯಿಂದ ಹೊರಡಲಿಲ್ಲ. ಇವತ್ತಿಗೂ ಅದು ನನಗೆ ನಾಚಿಕೆಯ ವಿಷಯ. ಹೇಳಿದವರು ಅಪ್ಪ, ಬೆನ್ನ ಹಿಂದೆ ಕುರ್ಚಿಯಿಂದ.

"ಒಳಗೆ ಹೋಗಯ್ಯಾ. ಅಲ್ಲೇ ನಿಂತ್ಕಂಡ್ರೆ ನೊರೆ ಹೆಂಗೆ ಬತ್ತದೆ?"

ನಾಲ್ಕು ತಿಂಗಳಲ್ಲಿ ಅಪ್ಪ ಆಡಿದ ಮೊದಲ ಪೂರ್ತಿ ಮಾತು ಅದು. ಆಡಿದ್ದಷ್ಟೇ ಅಲ್ಲ, ವಾಕರ್ ಊರಿಕೊಂಡು ತಾವೂ ಅಡುಗೆಮನೆಗೆ ಬಂದರು.

ಬಿದಿರು ತಂದಿದ್ದ ಅವರು ಪುಡಿಯನ್ನು ಟೀ ಜರಡಿಯಲ್ಲಿ ಆಡಿಸಿ ಬಟ್ಟಲಿಗೆ ಉದುರಿಸಿದರು. ಕುದ್ದ ನೀರನ್ನು ಇಳಿಸಿ, ಕುದಿ ಅಡಗುವವರೆಗೆ ಕಾದರು. ಎರಡು ಚಮಚ ನೀರು ಹಾಕಿ ಗಂಟಿಲ್ಲದ ಹಾಗೆ ನಾದಿ, ಆಮೇಲೆ ಮಿಕ್ಕಿದ್ದನ್ನು ಹುಯ್ದರು. ಕುಂಚ ಬಟ್ಟಲಿನ ತಳಕ್ಕೆ ತಾಗಲಿಲ್ಲ, ಸುತ್ತಲೂ ತಿರುಗಲಿಲ್ಲ. ಮಣಿಕಟ್ಟು ಮಾತ್ರ ಹಿಂದಕ್ಕೂ ಮುಂದಕ್ಕೂ ಸರಸರನೆ ಆಡಿತು. ಮೊದಲು ದಪ್ಪ ಗುಳ್ಳೆ, ಆಮೇಲೆ ಸಣ್ಣವು, ಕೊನೆಗೆ ಗುಳ್ಳೆಯೇ ಕಾಣದ ತಿಳಿಹಸಿರು ಕೆನೆ. "ಗುಳ್ಳೆ ಕಂಡ್ರೆ ಇನ್ನೂ ಆಗಿಲ್ಲ ಅಂತ. ಗಡ್ಡಕ್ಕೂ ಇದೇ ಲೆಕ್ಕ" ಎಂದರು.

ಒಂದೇ ಶೆಲ್ಫಿನಿಂದ ಮೂರು ಲೋಟ ತೆಗೆದೆ. ಅಪ್ಪ ಮೊದಲು ಕುಡಿದರು. "ಹಸಿ ಹುಲ್ಲಿನ ವಾಸ್ನೆ. ಆದ್ರೆ ನಾಲಿಗೆ ಮೇಲೆ ಬೆಣ್ಣೆ ಇದ್ದಂಗೈತೆ. ಅದ್ಯಾಕಿರಬೌದಯ್ಯಾ?"

ಅವರಿಬ್ಬರೂ ನನ್ನ ಮುಖ ನೋಡಿದರು. ನಾನೂ ಒಂದು ಗುಟುಕು ಕುಡಿದು ನೋಡಿದೆ.

ಆ ಡಬ್ಬಿ ಮುಗಿಯುವವರೆಗೂ, ಮುಗಿದ ಮೇಲೆ ತರಿಸಿದ ಡಬ್ಬಿಗಳಲ್ಲೂ, ಭಾನುವಾರದ ಬೆಳಗು ಅಡುಗೆಮನೆಯಲ್ಲೇ ಆಯಿತು. ನೀರು ಜಾಸ್ತಿಯಾಯ್ತು, ಪುಡಿ ಕಮ್ಮಿಯಾಯ್ತು ಎಂದು ಇಬ್ಬರೂ ವಾದ ಮಾಡುತ್ತಿದ್ದರು. ಗೂಡಿನ ಲೋಟವನ್ನು ನಾನು ಮಿಕ್ಕ ಲೋಟಗಳ ಜೊತೆ ಸೇರಿಸಿದೆ. ವಾರ ಕಳೆಯುವಷ್ಟರಲ್ಲಿ ಅದು ಯಾವುದೆಂದು ನನಗೇ ಗುರುತು ಸಿಗಲಿಲ್ಲ. ಅಪ್ಪ ಮಾತಾಡುತ್ತಲೇ ಇನ್ನೆರಡು ವರ್ಷ ಬದುಕಿದರು.

ಅಪ್ಪ ಹೋದ ಮೇಲೆ, ಅಂಗೈಯಲ್ಲಿ ನೊರೆ ಎಬ್ಬಿಸುತ್ತಿದ್ದ ಅವರೂ ತೀರಿಕೊಂಡಾಗ ನಾನು ಪರೀಕ್ಷೆಯ ಕೆಲಸಕ್ಕೆ ಕಡೂರಿಗೆ ಹೋಗಿದ್ದೆ. ಹದಿನೈದು ದಿನದ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ, ಟೀ ಮಾಡಿ ಕೊಟ್ಟರು. ಆಮೇಲೆ ಎದುರಿಗೆ ಕೂತು ಹೇಳಿದರು:

"ಮೊದಲ್ನೇ ಸಲ ನಿಮ್ಮನೆ ಒಳಕ್ಕೆ ಬಂದಿದ್ರಲ್ಲ, ಅವತ್ತು ಮನೆಗೆ ಬಂದೋರೇ, ‘ಅಕ್ಕಾವ್ರ ಅಡುಗೆಮನೆ ಕಿಟಕಿ ಮೂಡ್ಲಿಗೈತೆ ಕಣೇ, ಬಿಸ್ಲು ನೇರ ಒಲೆ ಮೇಲೇ ಬೀಳ್ತದೆ’ ಅಂದ್ರು. ಮೂವತ್ತು ವರ್ಷ ಹೋಗಿ ಬಂದಿದ್ರೂ ಅದೊಂದು ಗೊತ್ತಾಗಿರ್ಲಿಲ್ವಂತೆ."

ನಾನು ಟೀ ಕುಡಿದು ಲೋಟ ಕೆಳಗಿಟ್ಟೆ. ಅವರ ಮನೆ ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ಅದು ಯಾವುದೆಂದು ನಾನು ಆ ದಿನ ದಾರಿಯಲ್ಲಿ ಮೂರು ಜನರನ್ನು ಕೇಳಿಕೊಂಡು ಬಂದಿದ್ದೆ.