ಅಂಕ ಕೊಡದ ಅಕ್ಕ

ಕಳೆದ ವಾರ ಗಣಿತದ ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೇಜಿನ ಕೆಳಗೆ ಕೈಯಿಟ್ಟುಕೊಂಡು ಕಿತ್ತಳೆ ಸುಲಿದಳು. ಕೈ ಮೇಜಿನ ಕೆಳಗಿದ್ದರೇನು, ಕಿತ್ತಳೆಯ ಘಮ ಮುಚ್ಚಿಡುವಂಥದ್ದೇ? ನಾನು ಗದರಬೇಕಿತ್ತು. ಗದರಲಿಲ್ಲ. ಬೋರ್ಡಿನ ಕಡೆ ತಿರುಗಿ, ಅರ್ಧಕ್ಕೆ ನಿಂತ ಸಮೀಕರಣವನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಅಕ್ಕ ಹಿಂದೆ ಕೂತಿದ್ದಾರೆ ಅನ್ನಿಸಿಬಿಟ್ಟಿತು...

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಐಂಡ್‌ಹೋವನ್‌ನ ಈ ಶಾಲೆಗೆ ನಾನು ಹೊಸದಾಗಿ ಸೇರಿದಾಗ ನನಗೆ ಮಾರ್ಗದರ್ಶಕರಾಗಿ ಸಿಕ್ಕಿದ ಹಿರಿಯ ಟೀಚರ್. ಉಡುಪಿ ಕಡೆಯವರು, ಮದುವೆಯಾಗಿ ಈ ದೇಶಕ್ಕೆ ಬಂದು, ಡಚ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಲೇ ತಲೆ ನರೆತವರು. ಇಲ್ಲಿಯವರಂತೆ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಮೇಡಂ ಎಂದರೆ ಅವರು ಮುಖ ಸಿಂಡರಿಸುತ್ತಿದ್ದರು. ಕೊನೆಗೆ ಅಕ್ಕ ಎನ್ನುವುದಕ್ಕೆ ಇಬ್ಬರೂ ರಾಜಿಯಾದೆವು.

ನಾನು ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವಳು. ಗಂಡನಿಗೆ ಇಲ್ಲಿಯ ಚಿಪ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತೆಂದು ಬಂದು, ವರ್ಷಗಟ್ಟಲೆ ಡಚ್ ಕಲಿತು, ಇಲ್ಲಿಯ ಶಿಕ್ಷಕರ ತರಬೇತಿ ಮುಗಿಸಿ, ಹೇಗೋ ಒಂದು ವರ್ಷದ ಮಟ್ಟಿಗೆ ಈ ಕೆಲಸ ಹಿಡಿದಿದ್ದೆ. ವರ್ಷದ ಕೊನೆಗೆ ಖಾಯಂ ಮಾಡಿದರೆ ಟೀಚರ್. ಇಲ್ಲದಿದ್ದರೆ ಮತ್ತೆ ಇಂಥವರ ಹೆಂಡತಿ ಮಾತ್ರ. ಆ ಭಯ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲೆಲ್ಲೂ ನನ್ನ ಜೊತೆಗೇ ಇರುತ್ತಿತ್ತು.

ಶಿಕ್ಷಕರ ಸಂಘಗಳೂ ಶಾಲೆಗಳೂ ಕೂತು ಮಾಡಿಕೊಂಡ ಒಪ್ಪಂದವೊಂದು ಇಲ್ಲಿದೆ. ಎಲ್ಲರ ಬಾಯಲ್ಲೂ ಅದು ಸೇ-ಆ-ಓ. ಹೊಸಬರಿಗೆ ಪಾಠದ ಹೊರೆ ಕಡಿಮೆ ಇರಬೇಕು, ಜೊತೆಗೊಬ್ಬ ಅನುಭವಿ ಇರಬೇಕು ಎಂದು ಅದರಲ್ಲಿದೆ. ನಮ್ಮ ಶಾಲೆಯವರು ಅದಕ್ಕೆ ಇನ್ನೊಂದು ಕಟ್ಟಳೆ ಸೇರಿಸಿಕೊಂಡಿದ್ದರು: ದಾರಿ ತೋರಿಸುವವರು ಬೇರೆ, ಅಂಕ ಕೊಡುವವರು ಬೇರೆ. ಅಕ್ಕ ನನ್ನ ತರಗತಿಯಲ್ಲಿ ಕೂರಬಹುದು, ನನ್ನನ್ನು ತಿದ್ದಬಹುದು. ಆದರೆ ನಾನು ಹೇಗೆ ಪಾಠ ಮಾಡುತ್ತೇನೆಂದು ವಿಭಾಗದ ಮುಖ್ಯಸ್ಥರಿಗೆ ಒಂದು ಮಾತೂ ಹೇಳುವಂತಿಲ್ಲ. ಸಂಘದ ಪರವಾಗಿ ಕೂತು ಆ ಕಟ್ಟಳೆಗೆ ಹಟ ಹಿಡಿದವರಲ್ಲಿ ಅಕ್ಕನೂ ಒಬ್ಬರು.

ಇದನ್ನೆಲ್ಲ ಮೊದಲ ದಿನವೇ ಬಿಡಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಆದರೆ ನಂಬುವುದುಂಟೇ? ತರಗತಿಯ ಹಿಂದೆ ಬಂದು ಕೂತವರು ಇನ್ಸ್‌ಪೆಕ್ಟರಲ್ಲದೆ ಇನ್ನೇನು ಎಂದು ನನ್ನ ಮೈಸೂರಿನ ಬುದ್ಧಿ ಹೇಳುತ್ತಿತ್ತು. ಹಾಗಾಗಿ ಅವರು ಪಾಠ ನೋಡಲು ಬರುವ ಹಿಂದಿನ ದಿನ ನಮ್ಮ ಕಡೆಯ ಹಳೆಯ ಉಪಾಯವನ್ನು ಡಚ್ ಮಕ್ಕಳಿಗೂ ಹೇಳಿಕೊಟ್ಟೆ. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾನು ಬಲಗೈಯವರನ್ನೇ ಕೇಳುತ್ತೇನೆ. ಮಕ್ಕಳಿಗೆ ಇದು ಭಾರಿ ಮಜಾ ಅನ್ನಿಸಿತು.

ಮರುದಿನ ಪ್ರಶ್ನೆ ಕೇಳಿದ್ದೇ ತಡ, ಇಡೀ ತರಗತಿಯ ಕೈ ಮೇಲೆ. ನಾನು ಬೀಗುತ್ತಾ ಹಿಂದೆ ನೋಡಿದೆ. ಕಿತ್ತಳೆ ಸುಲಿಯುತ್ತಾ ಕೂತಿದ್ದ ಅಕ್ಕ ತೊಳೆ ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತು ಆ ಕೈಗಳನ್ನೇ ನೋಡಿದರು. ಆಮೇಲೆ, ಸೆರಗಿಲ್ಲದ್ದಕ್ಕೆ, ಸ್ವೆಟರಿನ ತೋಳಿನಿಂದಲೇ ಬಾಯಿ ಮುಚ್ಚಿಕೊಂಡು ನಕ್ಕರು. ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಹತ್ತಿರ ಬಂದರು.

"ಎಂಥ ಮಾರಾಯ್ತಿ, ಇನ್ಸ್‌ಪೆಕ್ಟರ್ ಬರುವ ದಿನದ ಕೈಯಲ್ವಾ ಇದು? ನಾನೂ ಎಡಗೈ ಎತ್ತಿದವಳೇ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವರು ಮಾತ್ರ ಉಳಿದ ತೊಳೆಗಳನ್ನು ನನ್ನ ಅಂಗೈಗೆ ಹಾಕಿದರು. "ಅಂಕ ಕೊಡ್ಲಿಕ್ಕೆ ಬಂದವರು ಕಿತ್ತಳೆ ತಿಂತಾರಾ? ನನ್ನನ್ನು ಬಿಡು. ನಾಳೆಯಿಂದ ಎಡಗೈಯವರ ಹತ್ರ ಹೋಗು. ನಿನ್ನ ಕೆಲಸ ಅಲ್ಲಿ ಉಂಟು."

ಹಾಗೆಯೇ ಮಾಡಿದೆ. ಬಲಗೈಯವರಿಗೆ ಮುಂದಿನ ಲೆಕ್ಕ ಕೊಟ್ಟು, ಎಡಗೈಯವರ ಮೇಜಿಗೇ ಹೋಗಿ ಕೂರತೊಡಗಿದೆ. ಗೊತ್ತಿಲ್ಲ ಎಂದು ಹೇಳಲು ಮಕ್ಕಳಿಗಿದ್ದ ನಾಚಿಕೆ ಬರಬರುತ್ತಾ ಹೋಯಿತು. ಅಕ್ಕ ಆಗಾಗ ಬಂದು ಕೂರುತ್ತಿದ್ದರು, ಹೋಗುವಾಗ ಏನಾದರೊಂದು ಪ್ರಶ್ನೆ ಕೇಳಿ ಹೋಗುತ್ತಿದ್ದರು. ಕಿಟಕಿ ಪಕ್ಕದ ಆ ಹುಡುಗ ಇವತ್ತು ಯಾಕೆ ಬರೆಯಲೇ ಇಲ್ಲ... ಅಂಥವು. ಪಾಠ ಚೆನ್ನಾಗಿತ್ತು ಎಂದಾಗಲಿ ಚೆನ್ನಾಗಿರಲಿಲ್ಲ ಎಂದಾಗಲಿ ಒಮ್ಮೆಯೂ ಹೇಳಲಿಲ್ಲ. ಆ ಒಂದು ಮಾತಿಗಾಗಿ ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಚಳಿ ಕಳೆದ ಮೇಲೆ ವಿಭಾಗದ ಮುಖ್ಯಸ್ಥರು ಅಂಕ ಕೊಡಲು ಬಂದರು. ನಾನು ಪ್ರಶ್ನೆ ಕೇಳಿದೆ, ಎಲ್ಲ ಕೈಗಳೂ ಮೇಲೆದ್ದವು, ನಾನು ಖುಷಿಯಿಂದ ಎಡಗೈಯವರ ಕಡೆ ಹೋದೆ. ಆದರೆ ಎಡಬಲದ ಗುಟ್ಟು ಮುಖ್ಯಸ್ಥರಿಗೆ ಹೇಗೆ ಗೊತ್ತಿರಬೇಕು? ಕೈ ಎತ್ತಿದ ಮಕ್ಕಳಿಗೆ ಉತ್ತರವೇ ಬರುವುದಿಲ್ಲ, ಟೀಚರ್ ಉತ್ತರ ಬಾರದವರ ಹತ್ತಿರವೇ ಹೋಗುತ್ತಾರೆ ಎಂದು ಅವರಿಗೆ ಕಂಡಿತು. ಖಾಯಂ ಮಾಡುವುದು ಕಷ್ಟ ಎಂದರು. ಎಡಗೈಯ ಗುಟ್ಟು ಹೇಳಲು ಹೋದರೆ ಕಲಿತ ಡಚ್ ಎಲ್ಲ ಮರೆತೇಹೋಯಿತು.

ಮನೆಗೆ ಬಂದು ಅತ್ತಾಗ ಗಂಡ, "ಅಕ್ಕ ನಮ್ಮವ್ರೇ ಅಲ್ವಾ? ಒಂದ್ ಮಾತ್ ಹೇಳಿ ಅಂತ ಕೇಳು. ಸಿಂಪಲ್," ಎಂದ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಮರುದಿನ ಹೋಗಿ ಕೇಳಿಯೂ ಬಿಟ್ಟೆ.

"ಆಗುದಿಲ್ಲ," ಎಂದರು ಅಕ್ಕ. "ಹಿಂದೊಮ್ಮೆ ಒಬ್ಬ ಹೊಸಬನ ಬಗ್ಗೆ ಒಳ್ಳೆ ಮಾತು ಹೇಳಿದ್ದೆ. ಮರುವರ್ಷ ಇನ್ನೊಬ್ಬಳ ಬಗ್ಗೆ ಕೇಳಿದ್ರು, ಸುಮ್ಮನಿದ್ದೆ. ನಾನು ಸುಮ್ಮನಿದ್ದದ್ದೇ ಅವಳ ಮೇಲಿನ ದೂರು ಅಂತ ತಿಳ್ಕೊಂಡ್ರು. ಅವಳ ಕೆಲಸ ಹೋಯ್ತು. ಮತ್ತೆ ನಾನು ಬಾಯಿ ಬಿಟ್ಟವಳಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಪರದೇಶದಲ್ಲಿ ಕನ್ನಡದವರಿಗೆ ಕನ್ನಡದವರೇ ಆಗದಿದ್ದರೆ ಇನ್ಯಾರು ಆಗುತ್ತಾರೆ ಎಂದು ಕೂಗಾಡಿದೆ. ಅಕ್ಕ ನಾನು ಸುಸ್ತಾಗುವವರೆಗೂ ಕಾದರು. ಆಮೇಲೆ ಎದ್ದು ಬಾಗಿಲು ಹಾಕಿ, ಮುಖ್ಯಸ್ಥರ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡು ನನ್ನ ಕುರ್ಚಿಯಲ್ಲಿ ಕೂತು, ಅವರದೇ ದನಿಯಲ್ಲಿ, ಡಚ್ಚಿನಲ್ಲಿ ಕೇಳಿದರು: ಕೈ ಎತ್ತಿದ ಮಕ್ಕಳಿಗೆ ಉತ್ತರ ಯಾಕೆ ಗೊತ್ತಿರಲಿಲ್ಲ? ನಾನು ತಡವರಿಸಿದೆ. ಮತ್ತೆ ಕೇಳಿದರು. ಅಳುತ್ತಿದ್ದವಳಿಗೆ ನಗು ಬಂತು. ಆ ವಾರವಿಡೀ ಶಾಲೆ ಬಿಟ್ಟ ಮೇಲೆ ನಮ್ಮಿಬ್ಬರದು ಇದೇ ನಾಟಕ. ಕ್ರಿಯಾಪದ ತಪ್ಪಿದಾಗಲೆಲ್ಲ ಅಕ್ಕ ಮುಖ್ಯಸ್ಥರ ಗತ್ತಿನಲ್ಲೇ ತಿದ್ದುತ್ತಿದ್ದರು.

ಮುಂದಿನ ವಾರ ಮುಖ್ಯಸ್ಥರ ಎದುರು ಕೂತು ಎಡಗೈಯ ಕಥೆಯನ್ನು ಪೂರ್ತಿಯಾಗಿ ನಾನೇ ಹೇಳಿದೆ. ಅವರು ಮೊದಲು ಹುಬ್ಬೇರಿಸಿದರು, ಆಮೇಲೆ ಜೋರಾಗಿ ನಕ್ಕರು, ಇನ್ನೊಂದು ಪಾಠ ನೋಡುತ್ತೇನೆಂದು ಬಂದು ನೋಡಿದರು. ಬೇಸಿಗೆ ರಜೆಗೆ ಮೊದಲು ಕೆಲಸ ಖಾಯಂ ಆಯಿತು.

ಅಕ್ಕನಿಗೆ ಹೇಳಲು ಓಡಿದೆ. ಅವರು ನನ್ನನ್ನು ತಬ್ಬಿಕೊಂಡರು. "ಈಗಲಾದ್ರೂ ಹೇಳಿ ಅಕ್ಕ, ನಾನು ಒಳ್ಳೆ ಟೀಚರಾ?" ಎಂದು ಕೇಳಿದೆ.

"ನಾನು ರಿಟೈರ್ ಆಗ್ಲಿ, ಆಮೇಲೆ ಹೇಳ್ತೇನೆ. ಈಗ ಹೇಳ್ಲಿಕ್ಕೆ ಶುರು ಮಾಡಿದ್ರೆ ನನ್ನ ಅಭ್ಯಾಸ ಕೆಡ್ತದೆ," ಎಂದು ನಕ್ಕರು.

ನಿವೃತ್ತರಾದರು. ವೂರ್‌ಬರ್ಗ್‌ನಲ್ಲಿರುವ ಮಗಳ ಮನೆಗೆ ಹೋದರು. ಆ ಮಾತನ್ನು ಎದುರು ಕೂತೇ ಕೇಳಬೇಕೆಂದು, ಬರುತ್ತೇನೆ, ಬರುತ್ತೇನೆ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದೆ... ಪರೀಕ್ಷೆ, ಮನೆಯಲ್ಲಿ ನನ್ನ ಮಕ್ಕಳ ಜ್ವರ, ರೈಲು ಮುಷ್ಕರ... ನಾನು ಹೋಗುವ ಹೊತ್ತಿಗೆ ಕಾಯಿಲೆ ಅವರ ಮಾತನ್ನೇ ಕಿತ್ತುಕೊಂಡಿತ್ತು. ನನ್ನ ಕೈ ಹಿಡಿದುಕೊಂಡೇ ಇದ್ದರು. ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಅದೇ ಚಳಿಗಾಲದಲ್ಲಿ ಹೋಗಿಬಿಟ್ಟರು.

ಈಗ ನಾನೂ ಮಾರ್ಗದರ್ಶಕಿ. ಈ ವರ್ಷ ನನ್ನ ಪಾಲಿಗೆ ಬಂದವಳು ಆಮರ್ಸ್‌ಫೋರ್ಟ್‌ನಿಂದ ದಿನಾ ರೈಲಿನಲ್ಲಿ ಬರುವ ಡಚ್ ಹುಡುಗಿ. ಹೇಗಿದ್ದಾಳೆ ಎಂದು ಮುಖ್ಯಸ್ಥರು ಕಾರಿಡಾರಿನಲ್ಲಿ ಕೇಳಿದರೆ, ಅವಳನ್ನೇ ಕೇಳಿ ಎಂದು ಮುಂದೆ ಹೋಗುತ್ತೇನೆ. ನಿನ್ನೆ ಪಾಠ ಮುಗಿದ ಮೇಲೆ ಅವಳು ಬೋರ್ಡ್ ಒರೆಸುತ್ತಾ, ನನ್ನ ಮುಖ ನೋಡದೆ ಕೇಳಿದಳು: ನಾನು ಚೆನ್ನಾಗಿ ಪಾಠ ಮಾಡುತ್ತೇನಾ? ಅಕ್ಕನ ಹಾಗೆ ನಕ್ಕು ಮಾತು ಮರೆಸಬಹುದಿತ್ತು. ನನ್ನಿಂದ ಆಗಲಿಲ್ಲ. ತುಂಬಾ ಚೆನ್ನಾಗಿ ಮಾಡುತ್ತೀಯ ಎಂದುಬಿಟ್ಟೆ. ಒರೆಸುತ್ತಿದ್ದ ಕೈ ನಿಂತಿತು, ಅವಳ ಕಣ್ಣು ತುಂಬಿಬಂತು.

ಬೇರೆಯವರಿಗೆ ಹೇಳಬಾರದು ಎಂದಷ್ಟೇ ನಮ್ಮ ಕಟ್ಟಳೆಯಲ್ಲಿರುವುದು ಅಕ್ಕಾ. ಹೊಸಬರಿಗೇ ಹೇಳಬಾರದು ಎಂದು ಎಲ್ಲೂ ಇಲ್ಲ. ನನಗೂ ಒಂದು ಸಲ ಹೇಳಬಹುದಿತ್ತು.