ಭಾಸ್ಕರಣ್ಣ ಬಿಚ್ಚಿಟ್ಟ ಕೆಂಪು ತಂತಿ

ಭಾಸ್ಕರಣ್ಣ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಕೈ ಮಗುಚಿ, ಬೆರಳುಗಳ ಹಿಂಭಾಗವನ್ನು ಮೆಲ್ಲನೆ ತಾಗಿಸುತ್ತಿದ್ದರು. ಗ್ರೈಂಡರಿನ ಮೋಟಾರಾಗಲಿ, ಚಹಾದ ಲೋಟವಾಗಲಿ, ಜ್ವರ ಬಂದ ಮನುವಿನ ಹಣೆಯಾಗಲಿ, ಎಲ್ಲಕ್ಕೂ ಅದೇ ಕ್ರಮ. ಒಮ್ಮೆ ಕಾರಣ ಕೇಳಿದೆ.

“ಅಂಗೈಗೆ ಕರೆಂಟು ಹೊಡೆದ್ರೆ ಕೈ ಮುಚ್ಚಿಕೊಂಡು ಅದನ್ನೇ ಹಿಡ್ಕೊಳ್ತದೆ ಅಕ್ಕ. ಹಿಂದಿನ ಬದಿಗೆ ಹೊಡೆದ್ರೆ ಕೈ ತಾನಾಗಿ ಈಚೆ ಬರ್ತದೆ. ಬದುಕ್ಬೇಕಲ್ಲ ಮತ್ತೆ?”

ಚಾರ್ವಿ, ಮನು, ನಿಮಗೆ ಅವರು ರಿಮೋಟ್ ಟ್ರಕ್ಕು ಸರಿಮಾಡಿಕೊಟ್ಟ ಭಾಸ್ಕರ್ ಅಂಕಲ್. ಅವರ ಬಗ್ಗೆ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ನಿಮ್ಮ ಅಜ್ಜಿಯಾದ ನನ್ನಲ್ಲಿ ಉಳಿದಿದೆ. ಬಾಯಿಬಿಟ್ಟು ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ. ಓದಲು ಕಷ್ಟವಾದರೆ ಅಮ್ಮನಿಂದ ಓದಿಸಿಕೊಳ್ಳಿ.

ಭಾಸ್ಕರಣ್ಣ ಕುಂದಾಪುರದ ಕಡೆಯವರು. ಹರೆಯದಲ್ಲೇ ದೆಹಲಿಗೆ ಬಂದು ಹೋಟೆಲಿನಲ್ಲಿ ತಟ್ಟೆ ತೊಳೆದು, ಬಡಿಸಿ, ಕೊನೆಗೆ ಅಲ್ಲಿನ ಗ್ರೈಂಡರುಗಳ ಮೇಲ್ವಿಚಾರಣೆಗೆ ನಿಂತವರು. ಅಡುಗೆಮನೆಯ ಹಿಂದೆ ಉದ್ದಿನ ಮೂಟೆಗಳ ನಡುವೆ ಅವರ ಮೇಜಿತ್ತು. ಅಲ್ಲಿ ನೆನೆಹಾಕಿದ ಉದ್ದಿನ ವಾಸನೆಯೂ ಬೆಸುಗೆಯ ಹೊಗೆಯೂ ಬೆರೆತಿರುತ್ತಿದ್ದವು. ಗ್ರೈಂಡರು ಹಟ ಹಿಡಿದರೆ “ಇವಳಿಗೆ ಇವತ್ತು ಸಿಟ್ಟು ಬಂದುಂಟು” ಎಂದು ಗದರದೆ ಬಿಚ್ಚಲು ಕೂರುತ್ತಿದ್ದರು.

ನಿಮ್ಮ ಅಜ್ಜ ಹೋದ ಮೇಲೆ ನಾನು ದೆಹಲಿಗೆ, ವಸಂತ್ ಕುಂಜ್‌ನ ಈ ಮನೆಗೆ ಬಂದೆ. ಒಂದು ವರ್ಷ ಹೊರಗಿನವರೊಂದಿಗೆ ಮಾತೇ ಇಲ್ಲ. ತರಕಾರಿ ಭಯ್ಯಾನಿಗೂ ಬೆರಳು ತೋರಿಸುವುದಷ್ಟೇ. ನಮ್ಮ ಗ್ರೈಂಡರಿನ ಬೆಲ್ಟು ಹರಿದಾಗ ನಿಮ್ಮ ಅಪ್ಪ ನನ್ನನ್ನು ಅವರಲ್ಲಿಗೆ ಕರೆದುಕೊಂಡು ಹೋದ. ಒಂದು ಸಲಕ್ಕೆ ಎಷ್ಟು ಉದ್ದು ಹಾಕುತ್ತೀರಿ ಎಂದು ಅವರು ನನ್ನನ್ನೇ ಕೇಳಿದರು. ಈ ಊರಿನಲ್ಲಿ ನನಗೆ ಉತ್ತರ ಗೊತ್ತಿದ್ದ ಮೊದಲ ಪ್ರಶ್ನೆ ಅದು.

ಇನ್ನು ಟ್ರಕ್ಕಿನ ವಿಷಯ. ಚಾರ್ವಿ, ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟಾರನ್ನು, ಸರ್ವೋ ಎನ್ನುತ್ತೀಯಲ್ಲ, ಅದನ್ನು ನೀನು ದೊಡ್ಡದಕ್ಕೆ ಬದಲಾಯಿಸಿದ್ದೆ. ಶನಿವಾರ ಶಾಲೆಯಲ್ಲಿ ಇಟ್ಟಿಗೆ, ಕಲ್ಲು ಹತ್ತಿಸುವ ಸ್ಪರ್ಧೆ. ಆದರೆ ಚಕ್ರ ಕಲ್ಲಿಗೆ ಒತ್ತಿ ತಿರುಗಿದಾಗಲೆಲ್ಲ ಟ್ರಕ್ಕಿನ ಜೀವ ಹೋಗಿ ಬರುತ್ತಿತ್ತು. ಹೊಸ ಸರ್ವೋ ಕೇಳುವಷ್ಟು ಕರೆಂಟು ಒಳಗಿನ ಬೋರ್ಡಿನಿಂದ ಸಿಗುತ್ತಿಲ್ಲವೆಂದು ಭಾಸ್ಕರಣ್ಣ ಕಂಡುಹಿಡಿದರು. ಕರೆಂಟನ್ನು ಹದಮಾಡಿ ಕೊಡುವ, ಬೆಂಕಿಪೊಟ್ಟಣದಷ್ಟು ದೊಡ್ಡ ಬೇರೊಂದು ರೆಗ್ಯುಲೇಟರನ್ನು ಬ್ಯಾಟರಿಗೆ ಜೋಡಿಸಿ, ಸರ್ವೋಗೆ ಅದರಿಂದಲೇ ಕರೆಂಟು ಕೊಟ್ಟರು. ಬೋರ್ಡಿನಿಂದ ಬರುವ ಮೂರು ತಂತಿಯ ಪ್ಲಗ್ಗಿನಲ್ಲಿ ಕೆಂಪನ್ನು ಮಾತ್ರ ಹೊರಗೆಳೆದು, ಮಡಚಿ, ಟೇಪು ಸುತ್ತಿದರು. ನಾನಾಗ ಹೊರಗೆ ದೋಸೆಹಿಟ್ಟಿಗೆ ಕಾಯುತ್ತಿದ್ದೆ. ಇದಾವುದನ್ನೂ ನೋಡಲಿಲ್ಲ.

ಏಪ್ರಿಲ್ ಕೊನೆಯ ಬಿಸಿಲು. ಬಾಲ್ಕನಿಯಲ್ಲಿದ್ದ ಟ್ರಕ್ಕಿನ ಟೇಪು ಅಂಟು ಕರಗಿ ಬಿಚ್ಚಿಕೊಂಡಿತ್ತು. ಗುರುವಾರ ಧೂಳು ಒರೆಸುವಾಗ ನನಗೆ ಕಂಡದ್ದು ನೇತಾಡುವ ಒಂದು ಕೆಂಪು ತಂತಿ, ಪಕ್ಕದಲ್ಲಿ ನಡುವಿನ ತೂತು ಖಾಲಿಯಿದ್ದ ಪ್ಲಗ್ಗು. ಅಂಗಿಯ ಗುಂಡಿ ಸಡಿಲವಾಗಿದ್ದರೂ ಬಿಗಿ ಮಾಡದೆ ಮಡಚಿಡುವವಳಲ್ಲ ನಾನು. ಕನ್ನಡಕ ಹಾಕಿಕೊಂಡು ತಂತಿಯ ತುದಿಯನ್ನು ತೂತಿಗೆ ತೂರಿಸಿದೆ. ಟಕ್ ಎಂದು ಕೂತಿತು. ಯಾರಿಗೂ ಹೇಳದೆ ಒಂದು ಉಪಕಾರ ಮಾಡಿದೆನೆಂದು ಖುಷಿಯಾಯಿತು.

ಸಂಜೆ, ಚಾರ್ವಿ, ನೀನು ಬ್ಯಾಟರಿ ಹಾಕಿದ್ದೇ ತಡ, ಸುಟ್ಟ ವಾಸನೆ. ಊಟಕ್ಕೆ ಕೂತಾಗಲೂ ನಿನ್ನ ಕಣ್ಣು ಕೆಂಪಾಗಿತ್ತು. “ಭಾಸ್ಕರ್ ಅಂಕಲ್ ಗಲತ್ ಕನೆಕ್ಷನ್ ಕೊಟ್ಟಿದ್ದಾರೆ, ಪಕ್ಕಾ” ಎಂದೆ. ಗ್ರೈಂಡರ್ ರಿಪೇರಿಯವರ ಕೈಗೆ ಇಂಥದ್ದನ್ನು ಕೊಟ್ಟದ್ದೇ ತಪ್ಪು, ಇನ್ನು ಅಲ್ಲಿಗೆ ಹೋಗುವುದು ಬೇಡ ಎಂದ ನಿಮ್ಮ ಅಪ್ಪ. ನಾನು ಸಿಕ್ಕಿಸಿದ ತಂತಿ ನೆನಪಾಯಿತು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಎದ್ದುಹೋದೆ.

ಮರುದಿನ ಬೆಳಿಗ್ಗೆ ಟ್ರಕ್ಕನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಭಾಸ್ಕರಣ್ಣನ ಹೋಟೆಲಿಗೆ ಹೊರಟೆ. ಆ ರಸ್ತೆಯನ್ನು ಒಬ್ಬಳೇ ದಾಟಿದ್ದು ಅದೇ ಮೊದಲು. ಭಾಸ್ಕರಣ್ಣ ಪ್ಲಗ್ಗು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಇದನ್ನು ಸಿಕ್ಕಿಸಿದ್ದು ಯಾರು?”

“ನಾನೇ.”

ಅವರು ಬೈಯಲಿಲ್ಲ. “ಒಂದೇ ಎಲೆಗೆ ಇಬ್ಬರು ಎರಡು ಬದಿಯಿಂದ ಒಟ್ಟಿಗೆ ಸಾರು ಬಡಿಸಿದ್ರೆ ಎಂತ ಆಗ್ತದೆ ಅಕ್ಕ? ಊಟಕ್ಕೆ ಕೂತವನ ತೊಡೆ ಸುಡ್ತದೆ. ಅದಕ್ಕೇ ಬೋರ್ಡಿನ ಕೆಂಪು ತಂತಿ ತೆಗೆದು ಒಬ್ಬನನ್ನು ಆಚೆ ಕಳಿಸಿದ್ದೆ. ನೀವು ಪುನಃ ಕರೆದ್ರಿ.” ಹಾಗಾದರೆ ಕಪ್ಪು ತಂತಿಯನ್ನು ಯಾಕೆ ಹಾಗೇ ಬಿಟ್ಟಿರಿ ಎಂದೆ. “ಅದು ಕರೆಂಟು ವಾಪಸು ಹೋಗುವ ದಾರಿ, ಕೈ ತೊಳೆಯುವ ಜಾಗ ಇದ್ದ ಹಾಗೆ. ಎಲ್ಲರಿಗೂ ಒಂದೇ ಇರ್ಬೇಕು.”

ಸುಟ್ಟುಹೋದದ್ದರ ಬದಲು ಪೆಟ್ಟಿಗೆಯಿಂದ ಇನ್ನೊಂದು ರೆಗ್ಯುಲೇಟರ್ ತೆಗೆದು ಬೆಸೆದರು. ಕೆಂಪು ತಂತಿಯ ತುದಿಗೆ ಈ ಸಲ ಟೇಪಿನ ಬದಲು ಒಂದು ಸಣ್ಣ ಕೊಳವೆ ತೊಡಿಸಿ ಶಾಖ ತೋರಿಸಿದರು. ಅದು ಕುಗ್ಗಿ ತಂತಿಯನ್ನು ಬಿಗಿಯಾಗಿ ಕಚ್ಚಿಕೊಂಡಿತು. ಚಕ್ರಕ್ಕೆ ಚಪ್ಪಲಿ ಅಡ್ಡ ಹಿಡಿದು ತಿರುಗಿಸಿದರು. ಟ್ರಕ್ಕು ನಿಲ್ಲಲಿಲ್ಲ. ಬೆರಳ ಹಿಂಭಾಗ ತಾಗಿಸಿ ನೋಡಿ, “ತಣ್ಣಗುಂಟು” ಎಂದರು.

ಮನೆಯಲ್ಲಿ ಏನೆಂದರು ಎಂದು ಕೇಳಿದಾಗ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಇರ್ಲಿ ಬಿಡಿ, ನನ್ನ ತಪ್ಪೇ ಅಂತ ಇರ್ಲಿ. ಮೊಮ್ಮಗಳ ಎದುರು ನೀವು ಸಣ್ಣ ಆಗುದು ಬೇಡ. ನಾನೂ ಈ ಸೆಖೆಯಲ್ಲಿ ಟೇಪು ನಂಬಿದವ.”

ನಿಮಗೆ ಗೊತ್ತಿಲ್ಲದ ಸಂಗತಿ ಇದೇ.

ಅರ್ಧ ದಾರಿಯವರೆಗೆ ಆ ಮಾತು ನನಗೆ ಹಿತವಾಗಿಯೇ ಇತ್ತು. ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಅದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ, ಇನ್ನು ನಮ್ಮ ಮನೆಯವರು ಯಾರೂ ಅವರ ಮೇಜಿನ ಹತ್ತಿರ ಹೋಗುವುದಿಲ್ಲ ಎಂಬುದು ಹೊಳೆಯಿತು. ಹಸಿರು ದೀಪ ಬಂದರೂ ದಾಟದೆ ಇನ್ನೊಂದು ಸಲ ಕಾದೆ.

ಸಂಜೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹೇಳಿಬಿಟ್ಟೆ: “ಕೆಂಪು ತಂತಿ ಸಿಕ್ಕಿಸಿದ್ದು ನಾನು. ಭಾಸ್ಕರಣ್ಣನ ಕೆಲಸ ಸರಿಯಾಗಿತ್ತು.”

ನಿಮ್ಮ ಅಪ್ಪ ಲೋಟ ಕೆಳಗಿಟ್ಟ. ಚಾರ್ವಿ, ನೀನು ನನ್ನ ಕಡೆ ತಿರುಗಿದೆ.

“ಅಜ್ಜಿ, ನೀವಾ? ಆ ಪಿನ್ ಲಾಕ್ ಆಗೋ ಹಾಗೆ ಹೇಗೆ ಹಾಕಿದ್ರಿ? ಮುಝೆ ಭೀ ನಹೀಂ ಆತಾ, ನನಗೇ ಬರಲ್ಲ ಅದು.”

ಮೊದಲು ನಕ್ಕವನು ಮನು. ಎದೆಯ ಮೇಲಿಂದ ರುಬ್ಬುವ ಕಲ್ಲು ಎತ್ತಿಟ್ಟಂತಾಯಿತು. ಶನಿವಾರ ಟ್ರಕ್ಕು ಇಟ್ಟಿಗೆ ಹತ್ತಿ ಇಳಿಯಿತು, ಬಹುಮಾನ ಬರಲಿಲ್ಲ, ಆದರೆ ನಡುವೆ ಎಲ್ಲಿಯೂ ನಿಲ್ಲಲಿಲ್ಲ. ಭಾನುವಾರ ನಿಮ್ಮ ಅಪ್ಪ ತಾನಾಗಿಯೇ ಭಾಸ್ಕರಣ್ಣನನ್ನು ನೋಡಲು ಹೋದ.

ಈ ವರ್ಷ ಮಂಡಿನೋವು ಹೆಚ್ಚಾಗಿ ಅವರು ಕೆಲಸ ಬಿಟ್ಟು ಊರಿಗೆ, ತಂಗಿಯ ಮನೆಗೆ ಹೊರಟರು. ಹಿಂದಿನ ದಿನ ನಮ್ಮಲ್ಲಿಗೆ ಬಂದಿದ್ದರಲ್ಲ, ನೀವಿಬ್ಬರೂ ಟ್ರಕ್ಕು ಓಡಿಸಿ ತೋರಿಸಿದಿರಿ. ನೀವು ಒಳಗೆ ಹೋದಾಗ ಅವರು ತಗ್ಗಿದ ದನಿಯಲ್ಲಿ ಕೇಳಿದರು: “ನೀವು ಹೇಳಿಬಿಟ್ರಂತೆ. ಬೇಡ ಅಂದಿದ್ದೆನಲ್ಲ ಅಕ್ಕ?”

“ಕೈ ತಾನಾಗಿ ಈಚೆ ಬಂತು ಭಾಸ್ಕರಣ್ಣ” ಎಂದೆ.

ಅವರು ಮೆಟ್ಟಿಲಿಳಿದು ಗೇಟು ದಾಟುವವರೆಗೂ ನಗುತ್ತಲೇ ಇದ್ದರು.

ಆ ಮೇಜಿನ ಜಾಗದಲ್ಲಿ ಈಗ ಉದ್ದಿನ ಮೂಟೆಗಳನ್ನು ಪೇರಿಸಿದ್ದಾರೆ. ನೀವು ಟ್ರಕ್ಕು ಆಡಿಸಿ ತಂದಿಟ್ಟಾಗ ನಾನು ಬೆರಳ ಹಿಂಭಾಗ ತಾಗಿಸಿ ನೋಡುತ್ತೇನೆ. ತಣ್ಣಗಿರುತ್ತದೆ. ತಂತಿಗಳನ್ನು ಮಾತ್ರ ಮುಟ್ಟುವುದಿಲ್ಲ.